ರಾಜಕೀಯ ಮಾತಾಡಿ, ಮಾತು ಬಿಡಬೇಡಿ: ಮನೆ, ಹೋಟೆಲ್ಲು, ಫ್ಯಾಮಿಲಿ ಗ್ರೂಪಿಗೊಂದು ಕೈಪಿಡಿ

ನಮ್ಮ ಎಷ್ಟೋ ಕ್ಷೌರದಂಗಡಿ, ಟೀ ಅಂಗಡಿಗಳಲ್ಲಿ 'ದಯವಿಟ್ಟು ಇಲ್ಲಿ ರಾಜಕೀಯ ಮಾತನಾಡಬೇಡಿ' ಎಂಬ ಬೋರ್ಡು ಇರುತ್ತದೆ. ಅಂಗಡಿಯವರಿಗೆ ರಾಜಕೀಯದ ಮೇಲೇನೂ ಸಿಟ್ಟಿಲ್ಲ. ಇಬ್ಬರು ಗಿರಾಕಿಗಳು ಜಗಳವಾಡಿದರೆ ನಾಳೆಯಿಂದ ಒಬ್ಬರು ಬರುವುದಿಲ್ಲ, ಕೆಲವು ಸಲ ಇಬ್ಬರೂ ಬರುವುದಿಲ್ಲ ಎಂಬ ವ್ಯಾಪಾರದ ಲೆಕ್ಕ ಅವರದು. ಮನೆಗಳಲ್ಲಿ ಬೋರ್ಡು ಹಾಕುವುದಿಲ್ಲ, 'ಊಟದ ಹೊತ್ತಲ್ಲಿ ಆ ವಿಷಯ ಬೇಡ ಬಿಡಿ' ಎನ್ನುತ್ತಾರೆ, ಅಷ್ಟೇ. ಮಾತು ನಿಲ್ಲಿಸುವುದು ಯಾರಿಗಾದರೂ ಬರುತ್ತದೆ. ಮಾತಾಡಿಯೂ ನಂಟು ಉಳಿಸಿಕೊಳ್ಳುವುದಕ್ಕೆ ಒಂದಿಷ್ಟು ಅಭ್ಯಾಸ ಬೇಕು.

ಪ್ರಶ್ನೆ ಜಾರುವುದು ಎಲ್ಲಿ

ಅಭಿಪ್ರಾಯ ಬೇರೆಬೇರೆ ಇರುವುದರಿಂದ ಜಗಳ ಹತ್ತುತ್ತದೆ ಎಂದೇ ಎಲ್ಲರೂ ತಿಳಿದಿದ್ದಾರೆ. ಪಕ್ಕದಲ್ಲಿ ಕೂತು ಗಮನವಿಟ್ಟು ಕೇಳಿಸಿಕೊಂಡರೆ ಹೆಚ್ಚಿನ ಜಗಳಗಳಲ್ಲಿ ಇನ್ನೇನೋ ನಡೆದಿರುತ್ತದೆ: ಮಾತಿನ ನಡುವೆ ಯಾರ ಗಮನಕ್ಕೂ ಬಾರದೆ ಪ್ರಶ್ನೆಯೇ ಬದಲಾಗಿರುತ್ತದೆ. ಚಿಕ್ಕಪ್ಪ ಮತ್ತು ಅಣ್ಣನ ಮಗಳ ನಡುವಿನ ಈ ಮೂರು ಸಾಲು ನೋಡಿ.

'ಹೆಂಗಸರಿಗೆ ಬಿಟ್ಟಿ ಬಸ್ಸು ಕೊಟ್ಟು ಗಂಡಸರ ಟಿಕೆಟ್ ರೇಟು ಏರಿಸಿದ್ರು ನೋಡು.'

'ಅಲ್ಲ ಚಿಕ್ಕಪ್ಪ, ನಿಮ್ಮ ಮೋದಿ ಪೆಟ್ರೋಲು ನೂರು ದಾಟಿಸಿದಾಗ ಎಲ್ಲಿ ಹೋಗಿದ್ರಿ?'

'ನಿನ್ನ ವಯಸ್ಸೆಷ್ಟು? ನಿನಗೇನು ಗೊತ್ತು ರಾಜಕೀಯ?'

ಮೊದಲ ಸಾಲು ಬಸ್ಸಿನ ದರದ್ದು, ಎರಡನೆಯದು ಚಿಕ್ಕಪ್ಪನ ನಿಷ್ಠೆಯದ್ದು, ಮೂರನೆಯದು ಹುಡುಗಿಯ ವಯಸ್ಸಿನದ್ದು. ಬಸ್ಸು ಒಂದೇ ಸ್ಟಾಪಿಗೆ ಮಾಯ. ಇಲ್ಲಿಂದ ಮುಂದೆ ಯಾರು ಎಷ್ಟು ನಯವಾಗಿ ಮಾತಾಡಿದರೂ ಉಪಯೋಗವಿಲ್ಲ, ಏಕೆಂದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ.

ರಾಜಕೀಯದ ಯಾವುದೇ ಮಾತಿನೊಳಗೆ ಸಾಮಾನ್ಯವಾಗಿ ನಾಲ್ಕು ಪ್ರಶ್ನೆ ಇರುತ್ತವೆ. ಏನಾಯಿತು? ಯಾಕಾಯಿತು? ಆಗಬೇಕಿತ್ತೇ? ಯಾರು ವಾಸಿ? ಇದೇ ಬಸ್ಸಿನ ವಿಷಯವನ್ನು ಬಿಡಿಸಿ ನೋಡೋಣ.

ಏನಾಯಿತು ಎಂಬುದಕ್ಕೆ ಕಾಗದದಲ್ಲಿ ಉತ್ತರವಿದೆ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ರಾಜ್ಯದ ನಿವಾಸಿಗಳಾದ ಮಹಿಳೆಯರಿಗೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ಎಸಿ, ರಾಜಹಂಸ, ಸ್ಲೀಪರ್, ಹೊರರಾಜ್ಯದ ಬಸ್ಸು ಇದರಲ್ಲಿಲ್ಲ. ಆ ಟಿಕೆಟ್ಟುಗಳ ದುಡ್ಡನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. ಇನ್ನು ದರ: 2025ರ ಜನವರಿ 5ರಿಂದ ಶೇ. 15 ಏರಿತು. ಇಷ್ಟರಲ್ಲಿ ವಾದಕ್ಕೆ ಜಾಗವೇ ಇಲ್ಲ. ಗೊತ್ತಿಲ್ಲದಿದ್ದರೆ ಹುಡುಕಬೇಕು, ಗೊತ್ತಿದ್ದರೆ ಒಪ್ಪಬೇಕು.

ಯಾಕಾಯಿತು ಎಂಬಲ್ಲಿ ಅರ್ಧ ಕಾಗದ, ಅರ್ಧ ಊಹೆ. ಡೀಸೆಲ್ಲು, ಸಿಬ್ಬಂದಿ ಸಂಬಳದ ಖರ್ಚು ಏರಿತು ಎಂದು ಸರ್ಕಾರ ಹೇಳಿತು. ಶಕ್ತಿಯ ಹೊರೆಯೇ ಕಾರಣ ಎಂದು ವಿರೋಧ ಪಕ್ಷ ಹೇಳಿತು. ಬಿಎಂಟಿಸಿ ಬಿಟ್ಟು ಉಳಿದ ಮೂರು ನಿಗಮಗಳು ಅದಕ್ಕೂ ಮುಂಚೆ ದರ ಏರಿಸಿದ್ದು 2020ರಲ್ಲಿ ಎಂಬುದನ್ನೂ ಪಕ್ಕಕ್ಕಿಟ್ಟು ನೋಡಬೇಕಾಗುತ್ತದೆ. ಇಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಸರಿ ಇರಬಹುದು.

ಆಗಬೇಕಿತ್ತೇ ಎಂಬುದಕ್ಕೆ ಯಾವ ಅಂಕಿಯೂ ಕೊನೆಯ ಉತ್ತರ ಕೊಡುವುದಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಬಸ್ ಚಾರ್ಜು ಸರ್ಕಾರದ ಹೊಣೆಯೇ, ಅದೇ ದುಡ್ಡಿನಲ್ಲಿ ಬಸ್ಸೇ ಇಲ್ಲದ ಹಳ್ಳಿಗೆ ಬಸ್ಸು ಬಿಡಬೇಕಿತ್ತೇ ಎಂಬುದು ಯಾವುದು ಮುಖ್ಯ ಎಂಬ ನಂಬಿಕೆಯ ಪ್ರಶ್ನೆ. ಇಬ್ಬರೂ ಎಲ್ಲ ಅಂಕಿ ಒಪ್ಪಿಕೊಂಡ ಮೇಲೂ ಇಲ್ಲಿ ಬೇರೆಯಾಗಿಯೇ ಉಳಿಯಬಹುದು, ಅದರಲ್ಲಿ ತಪ್ಪೇನೂ ಇಲ್ಲ.

ಕೊನೆಯ ಪ್ರಶ್ನೆ, ಯಾರು ವಾಸಿ. ಯಾವ ವಿಷಯ ಎತ್ತಿದರೂ ಐದು ನಿಮಿಷದಲ್ಲಿ ನಾವು ಬಂದು ಬೀಳುವ ಗುಂಡಿ ಇದೇ. ಮೊದಲ ಮೂರು ಮುಗಿಯುವವರೆಗೆ ಇದನ್ನು ಮುಟ್ಟಬೇಡಿ. ಮುಗಿದ ಮೇಲೆ ನೋಡಿದರೆ ಮುಟ್ಟುವ ಆಸೆಯೂ ಅಷ್ಟಾಗಿ ಉಳಿದಿರುವುದಿಲ್ಲ.

ಮಾಡಬೇಕಾದ್ದು ಸರಳ: ಈಗ ಯಾವ ಪ್ರಶ್ನೆ ನಡೆಯುತ್ತಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಅದೇ ಚಿಕ್ಕಪ್ಪ, ಅದೇ ಮಗಳು:

'ರೇಟು ಏರಿದ್ದು ನಿಜ ಚಿಕ್ಕಪ್ಪ, ಹದಿನೈದು ಪರ್ಸೆಂಟು. ಅದು ಫ್ರೀ ಬಸ್ಸಿಂದಾನೇ ಆಗಿದ್ದು ಅಂತೀರಾ?'

'ಇನ್ನೇನು ಮತ್ತೆ? ಸರ್ಕಾರ ನಿಗಮಕ್ಕೆ ದುಡ್ಡು ಸರಿಯಾಗಿ ಕೊಡ್ತಿಲ್ಲವಂತೆ.'

'ಬಾಕಿ ಉಳಿಸ್ಕೊಂಡಿದ್ರೆ ಅದು ತಪ್ಪೇ. ಅಂದ್ರೆ ನಿಮ್ಮ ತಕರಾರು ಹೆಂಗಸರು ಓಡಾಡೋದಕ್ಕಲ್ಲ, ದುಡ್ಡು ಕಟ್ಟದೇ ಇರೋದಕ್ಕೆ. ಅಲ್ವಾ?'

'ಹೂಂ, ಅದೇ ನಾನು ಹೇಳ್ತಿರೋದು.'

ಈ 'ಹೂಂ, ಅದೇ' ಬಂದರೆ ನೀವು ಎದುರಿನವರ ಮಾತನ್ನು ಸರಿಯಾಗಿ ತಿರುಗಿ ಹೇಳಿದ್ದೀರಿ ಎಂದರ್ಥ. ಬಾರದಿದ್ದರೆ ಇನ್ನೊಮ್ಮೆ ಪ್ರಯತ್ನಿಸಿ. 'ಅಂದ್ರೆ ಹೆಂಗಸರು ಮನೇಲೇ ಬಿದ್ದಿರಬೇಕು ಅಂತೀರಾ?' ಎನ್ನುವುದು ತಿರುಗಿ ಹೇಳಿದಂತಲ್ಲ, ಕುಟುಕಿದಂತೆ. ಅವರು ಹೇಳದೇ ಇದ್ದದ್ದನ್ನು ಅವರ ಬಾಯಿಗೆ ತುರುಕಿದರೆ ಮುಂದಿನ ಹತ್ತು ನಿಮಿಷ 'ನಾನೆಲ್ಲಿ ಹಾಗಂದೆ' ಎಂಬುದರಲ್ಲೇ ಹೋಗುತ್ತದೆ.

'ಆವಾಗ ಎಲ್ಲಿ ಹೋಗಿದ್ರಿ' ಎಂಬ ಪ್ರಶ್ನೆ ಯಾವಾಗಲೂ ಕೆಟ್ಟದ್ದೆಂದೇನಲ್ಲ. ಒಂದೇ ತಪ್ಪಿಗೆ ಎರಡು ತಕ್ಕಡಿ ಹಿಡಿಯುವವರನ್ನು ಹಾಗೆ ಕೇಳಲೇಬೇಕು. ಆದರೆ ಅದಕ್ಕೊಂದು ಸರದಿ ಇದೆ. 'ಪೆಟ್ರೋಲಿನ ಮಾತು ಆಮೇಲೆ ಆಡೋಣ, ಮರೆಯಲ್ಲ' ಎಂದು ಹೇಳಿ ಬಸ್ಸಿನ ಮಾತು ಮುಗಿಸಿ, ಆಮೇಲೆ ನೀವೇ ಪೆಟ್ರೋಲನ್ನು ಎತ್ತಿ. ಹೇಳಿ ಮರೆತರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆಯಿರುವುದಿಲ್ಲ. ಅಂದಹಾಗೆ, ಕರ್ನಾಟಕದ ಮಾಹಿತಿ ಹಕ್ಕು ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಎಂದಿದೆ. ಅರ್ಜಿದಾರರಿಗೆ ಅದೊಂದು ಕಿರಿಕಿರಿಯೇ. ಊಟದ ಮೇಜಿಗೆ ಮಾತ್ರ ಹೇಳಿ ಮಾಡಿಸಿದ ನಿಯಮ.

ಅಂಕಿ ಬೀಸುವ ಮುನ್ನ

ಅಂಕಿ ಹೇಳಿದರೆ ವಾದ ಮುಗಿಯುತ್ತದೆ ಎಂಬ ನಂಬಿಕೆ ಓದಿದವರಲ್ಲಿ ಹೆಚ್ಚು. ಅಂಕಿಯಿಂದ ಶುರುವಾದ ಜಗಳಗಳನ್ನು ಎಣಿಸಿದವರಿಲ್ಲ.

ಮೊದಲ ತೊಂದರೆ, ಪೂರ್ತಿ ಮೊತ್ತ ಬಿಟ್ಟು ತುಂಡು ಹೇಳುವುದು. ರಾಜ್ಯದ 2025–26ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51 ಸಾವಿರ ಕೋಟಿ ರೂಪಾಯಿ. ಒಟ್ಟು ಬಜೆಟ್ಟು ಸುಮಾರು 4.09 ಲಕ್ಷ ಕೋಟಿ. 'ಐವತ್ತೊಂದು ಸಾವಿರ ಕೋಟಿ ಸುರಿದಿದ್ದಾರೆ' ಎಂದರೆ ಎದೆ ಧಸಕ್ಕೆನ್ನುತ್ತದೆ. 'ಎಂಟು ರೂಪಾಯಿಯಲ್ಲಿ ಒಂದು ರೂಪಾಯಿ' ಎಂದರೆ ಅಷ್ಟೇನಾ ಅನ್ನಿಸುತ್ತದೆ. ಎರಡೂ ಒಂದೇ ಲೆಕ್ಕ. ನ್ಯಾಯವಾಗಿ ಮಾತಾಡಬೇಕೆಂದರೆ ಎರಡನ್ನೂ ಒಟ್ಟಿಗೆ ಹೇಳಿ. ಎಂಟರಲ್ಲಿ ಒಂದು ಜಾಸ್ತಿಯೋ ಕಡಿಮೆಯೋ ಎಂಬುದು ಮತ್ತೆ ಮೂರನೆಯ ಪ್ರಶ್ನೆ.

ಇದೇ ಚಾಳಿ ಇನ್ನೊಂದು ಪಾಳಯದಲ್ಲೂ ಇದೆ. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ. 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. ಪಾಲು ಇಳಿದದ್ದು ಸಂಗತಿ. ಆದರೆ ದೇಶದ ಒಟ್ಟು ತೆರಿಗೆ ಬೆಳೆದಂತೆ, ಸಣ್ಣ ಪಾಲಿನಲ್ಲೂ ರೂಪಾಯಿ ಲೆಕ್ಕದ ಮೊತ್ತ ಏರಬಹುದು. ಒಬ್ಬರು ಪಾಲು ಹಿಡಿದು 'ಇಳಿಸಿದ್ರು' ಎನ್ನುತ್ತಾರೆ, ಇನ್ನೊಬ್ಬರು ಮೊತ್ತ ಹಿಡಿದು 'ಏರಿಸಿದ್ರು' ಎನ್ನುತ್ತಾರೆ, ಇಬ್ಬರೂ ಎದುರಿನವನು ಸುಳ್ಳ ಎಂದು ನಂಬಿ ಮನೆಗೆ ಹೋಗುತ್ತಾರೆ. 15ನೇ ಆಯೋಗದ ಹಂಚಿಕೆಯ ಸೂತ್ರದಲ್ಲಿ ತಲಾ ಆದಾಯ ಕಡಿಮೆಯಿರುವ ರಾಜ್ಯಗಳಿಗೆ ಹೆಚ್ಚು ಕೊಡುವ ಅಂಶಕ್ಕೇ ಶೇ. 45ರ ತೂಕವಿತ್ತು, ನಮ್ಮ ಆದಾಯ ಮೇಲಿತ್ತು, ಅಲ್ಲೇ ಪೆಟ್ಟು ಬಿತ್ತು. ಇದು ಅನ್ಯಾಯವೋ ಅಲ್ಲವೋ ಎಂದು ಗಂಟೆಗಟ್ಟಲೆ ಒಳ್ಳೆಯ ವಾದ ಮಾಡಬಹುದು. ಸುಳ್ಳು ಯಾರು ಹೇಳಿದರು ಎಂಬ ವಾದದಲ್ಲಿ ಏನೂ ಇಲ್ಲ.

ಎರಡನೆಯ ತೊಂದರೆ, ಅಳತೆಯೇ ಬೇರೆ. ಕಾವೇರಿಯ ಮಾತು ಬಂದಾಗ ಒಬ್ಬರು ಕ್ಯೂಸೆಕ್‌ನಲ್ಲಿ, ಒಬ್ಬರು ಟಿಎಂಸಿಯಲ್ಲಿ ಮಾತಾಡುತ್ತಾರೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿಯುವ ವೇಗ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಸುಮಾರು 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಬರದ ವರ್ಷವಾದ 2023ರ ಸೆಪ್ಟೆಂಬರಿನಲ್ಲಿ 5,000 ಕ್ಯೂಸೆಕ್‌ನಂತೆ 15 ದಿನ ಬಿಡಲು ಕಾವೇರಿ ಪ್ರಾಧಿಕಾರ ಹೇಳಿದಾಗ ಅದರ ಮೊತ್ತ ಸುಮಾರು ಆರೂವರೆ ಟಿಎಂಸಿ. ಕೆಆರ್‌ಎಸ್ ತುಂಬಿದರೆ 49.45 ಟಿಎಂಸಿ. ಈ ಮೂರು ಅಂಕಿಯನ್ನು ಒಂದೇ ಅಳತೆಗೆ ತಂದ ಮೇಲೆ 'ಡ್ಯಾಮೇ ಖಾಲಿ ಮಾಡಿದ್ರು' ಎನ್ನುವವರೂ 'ಅದೇನು ಮಹಾ' ಎನ್ನುವವರೂ ಸ್ವಲ್ಪ ತಡೆಯುತ್ತಾರೆ. ಡ್ಯಾಮು ತುಂಬಿರದ ವರ್ಷದಲ್ಲಿ ಆರೂವರೆ ಟಿಎಂಸಿಯ ತೂಕ ಮಂಡ್ಯದ ರೈತನಿಗೆ ಬೇರೆಯೇ. ಅದನ್ನೂ ಹೇಳಬೇಕು.

ಮೂರನೆಯದು, ಸೀಟನ್ನೇ ಜನ ಎಂದುಕೊಳ್ಳುವುದು. 'ಇಡೀ ರಾಜ್ಯವೇ ತಿರಸ್ಕರಿಸಿತು' ಎಂಬ ಮಾತು ಕೇಳಿರುತ್ತೀರಿ. 224 ಸ್ಥಾನಗಳ ವಿಧಾನಸಭೆಯಲ್ಲಿ ಬಿಜೆಪಿ 2018ರಲ್ಲಿ 104, 2023ರಲ್ಲಿ 66 ಗೆದ್ದಿತು. ಮತಗಳ ಪಾಲು ಎರಡೂ ಸಲ ಶೇ. 36ರ ಆಸುಪಾಸು. ಕಾಂಗ್ರೆಸ್ಸಿನ ಪಾಲು ಶೇ. 38ರಿಂದ ಸುಮಾರು 43ಕ್ಕೆ ಏರಿತು, ಜೆಡಿಎಸ್‌ನದು 18ರಿಂದ 13ಕ್ಕೆ ಇಳಿಯಿತು. ಅಂದರೆ ಗೆದ್ದವರ ಬೀದಿಯಲ್ಲೂ ಸೋತವರ ಮತದಾರರು ಸಾಲಾಗಿ ವಾಸವಿದ್ದಾರೆ. ನೀವು 'ಜನ' ಎಂದು ಹೇಳುವಾಗ ಎದುರಿಗೆ ಕೂತವರನ್ನು ಅದರಿಂದ ಹೊರಗಿಟ್ಟಿಲ್ಲವಷ್ಟೇ?

ಮೊಬೈಲ್ ತೆಗೆದು ಅಲ್ಲೇ ಹುಡುಕಿ, ಪರದೆಯನ್ನು ಎದುರಿನವರ ಮುಖಕ್ಕೆ ಹಿಡಿಯುವುದು ಬೇಡ. ನೀವೇ ಸರಿಯಿದ್ದರೂ ಅವರು ಒಪ್ಪುವುದಿಲ್ಲ. ಹಾಗೆ ಸೋಲುವುದಕ್ಕೆ ಯಾರೂ ತಯಾರಿರುವುದಿಲ್ಲ. 'ನನಗೂ ಖಚಿತ ಇಲ್ಲ, ಮನೆಗೆ ಹೋಗಿ ನೋಡಿ ಹೇಳ್ತೀನಿ' ಎನ್ನಿ, ಆಮೇಲೆ ನಿಜಕ್ಕೂ ನೋಡಿ ಹೇಳಿ, ನಿಮಗೆ ವಿರುದ್ಧವಿದ್ದರೂ ಹೇಳಿ. ಬಜೆಟ್ ಪುಸ್ತಕಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿವೆ. ಅಭ್ಯರ್ಥಿಯ ಆಸ್ತಿ, ಕೇಸುಗಳ ವಿವರ ಚುನಾವಣಾ ಆಯೋಗ ಪ್ರಕಟಿಸುವ ಪ್ರಮಾಣಪತ್ರದಲ್ಲಿ, ಅಂದರೆ ಫಾರ್ಮ್ 26ರಲ್ಲಿ ಸಿಗುತ್ತದೆ. ನಿಮ್ಮೂರಿನ ರಸ್ತೆ ಕಾಮಗಾರಿಯ ಜಗಳವಾದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನ ಕಾಯಿರಿ. ಎರಡೂ ಕಡೆಯವರು ಸೇರಿ ಒಂದು ಅರ್ಜಿ ಹಾಕಿದರೆ ಇನ್ನೂ ಚೆನ್ನ.

ಕನ್ನಡದಲ್ಲೇ ಇರುವ ಕಿಡಿ, ಕನ್ನಡದಲ್ಲೇ ಇರುವ ನೀರು

ಏಕವಚನ ನಮ್ಮಲ್ಲಿ ಸುದ್ದಿಯಾಗುವ ವಸ್ತು. ಇಂಥವರು ಇಂಥವರನ್ನು ಏಕವಚನದಲ್ಲಿ ಮಾತಾಡಿಸಿದರು ಎಂಬುದೇ ತಲೆಬರಹವಾಗುತ್ತದೆ. ಮನೆಯಲ್ಲೂ ಹೋಟೆಲಿನಲ್ಲೂ ಹಾಗೆಯೇ: ದಿನವೂ 'ನೀವು' ಎನ್ನುವವರು ವಾದದ ನಡುವೆ 'ನೀನು'ಗೆ ಇಳಿದ ಕ್ಷಣ ವಿಷಯ ಸತ್ತಿತು ಎಂದೇ ತಿಳಿಯಿರಿ. ಇದನ್ನು ಪ್ರದೇಶ ನೋಡಿ ಅಳೆಯಬೇಕು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಜ್ಜಿಗೂ ತಾಯಿಗೂ 'ನೀ' ಎನ್ನುವುದು ಸಲಿಗೆ, ಅಸಡ್ಡೆಯಲ್ಲ. ಹಾಗಾಗಿ ಗಮನಿಸಬೇಕಾದ್ದು ಯಾವ ರೂಪ ಎಂಬುದಕ್ಕಿಂತ, ಇಷ್ಟು ದಿನ ಬಳಸುತ್ತಿದ್ದ ರೂಪ ಬದಲಾಯಿತೇ ಎಂಬುದನ್ನು. ಉಲ್ಟಾ ಬದಲಾವಣೆಯೂ ಅಷ್ಟೇ ಅಪಾಯಕಾರಿ. ಬಾಲ್ಯದ ಗೆಳೆಯ ಇದ್ದಕ್ಕಿದ್ದಂತೆ 'ತಾವು ದೊಡ್ಡವರು ಸ್ವಾಮಿ' ಎಂದರೆ ಅದು ಗೌರವವಲ್ಲ.

ಜನ ಅಷ್ಟಾಗಿ ಗಮನಿಸದ ಇನ್ನೊಂದು ಏಕವಚನವಿದೆ. ಎದುರಿನವರನ್ನು 'ನೀವು' ಎಂದೇ ಮಾತಾಡಿಸುತ್ತ, ಅವರು ಮೆಚ್ಚುವ ನಾಯಕನನ್ನು 'ಅವನು' ಎನ್ನುವುದು. 'ನಾನು ನಿಮಗೇನೂ ಅನ್ನಲಿಲ್ಲವಲ್ಲ' ಎಂದು ಆಮೇಲೆ ಸಮಜಾಯಿಷಿ ಕೊಡಬಹುದು, ಆದರೆ ಏಟು ಬಿದ್ದದ್ದು ಅವರಿಗೇ. ಮೋದಿಯವರು, ಸಿದ್ದರಾಮಯ್ಯನವರು, ಕುಮಾರಸ್ವಾಮಿಯವರು ಎಂದು ಮೂವರಿಗೂ ಒಂದೇ ರೂಪ ಬಳಸಿ ನೋಡಿ, ಟೀಕೆ ಎಷ್ಟೇ ಕಟುವಾಗಿದ್ದರೂ ಕೇಳಿಸಿಕೊಳ್ಳುತ್ತಾರೆ.

'ನಿಮ್ಮ ಮೋದಿ', 'ನಿಮ್ಮ ಸಿದ್ದರಾಮಯ್ಯ' ಎನ್ನುವಾಗಿನ ಆ 'ನಿಮ್ಮ' ಇನ್ನೂ ಸಣ್ಣ ಪದ, ಇನ್ನೂ ದೊಡ್ಡ ಕಿಡಿ. ಬಸ್ ದರದ ಬಗ್ಗೆ ಒಂದು ಮಾತು ಹೇಳಿದವರ ಹೆಗಲಿಗೆ ಇಡೀ ಪಕ್ಷವನ್ನು ಅದು ಹೊರಿಸುತ್ತದೆ. ಹೊರಿಸಿದ ಮೇಲೆ ಪಾಪ, ಅವರು ಹೊರಲೇಬೇಕು. ತಾವೇ ಒಪ್ಪದ ಸಂಗತಿಗಳನ್ನೂ ಸಮರ್ಥಿಸತೊಡಗುತ್ತಾರೆ. ಆ ಪಕ್ಷದ ಬಗ್ಗೆ ಅವರಿಗಿರುವ ಹತ್ತು ಅಸಮಾಧಾನಗಳನ್ನು ನಿಮ್ಮೆದುರು ಹೇಳಿಕೊಳ್ಳುವ ದಾರಿಯನ್ನು ನೀವೇ ಮುಚ್ಚಿದಿರಿ. ಭಕ್ತ, ಗುಲಾಮ, ಚೆಡ್ಡಿ, ಗಂಜಿಗಿರಾಕಿ, ಅರ್ಬನ್ ನಕ್ಸಲ್, ಪಪ್ಪು, ಫೇಕು ಮುಂತಾದ ಹಣೆಪಟ್ಟಿಗಳ ಕೆಲಸವೂ ಅದೇ. 'ಬಿಟ್ಟಿ' ಎಂಬುದೂ ಆ ಸಾಲಿನದೇ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಮಗುವಿನ ಟ್ಯೂಷನ್ ಫೀಸು ಕಟ್ಟುವವರು ಅದೇ ಮೇಜಿನಲ್ಲಿ ಕೂತಿದ್ದರೆ ಆ ಪದ ಯೋಜನೆಗೆ ತಾಗುವುದಿಲ್ಲ, ಅವರಿಗೆ ತಾಗುತ್ತದೆ. 'ಉಚಿತ' ಎನ್ನಿ, ಯೋಜನೆಯ ಹೆಸರನ್ನೇ ಹೇಳಿ. ನಿಮ್ಮ ವಿರೋಧ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಇನ್ನು ನೀರು. ಕೇಳಿ ತಿಳಿದದ್ದಕ್ಕೂ ಕಂಡು ತಿಳಿದದ್ದಕ್ಕೂ ಬೇರೆ ಬೇರೆ ಗುರುತು ಹಾಕುವ ಸೌಕರ್ಯ ಕನ್ನಡದಲ್ಲಿದೆ: 'ಅಂತೆ'. 'ದುಡ್ಡು ಕೊಟ್ಟಿಲ್ಲ' ಎಂದರೆ ಸಾಕ್ಷಿ ನೀವು. 'ಕೊಟ್ಟಿಲ್ಲವಂತೆ' ಎಂದರೆ ಕೇಳಿದ್ದನ್ನು ದಾಟಿಸಿದವರು. ಸಂತೆಯ ಬೆಲೆ, ಮದುವೆಯ ಸಂಬಂಧ, ಮಳೆಯ ಸುದ್ದಿಯಲ್ಲೆಲ್ಲ ನಾವು ಇದನ್ನು ತಪ್ಪದೆ ಬಳಸುತ್ತೇವೆ, ರಾಜಕೀಯ ಬಂದ ಕೂಡಲೇ ಮರೆಯುತ್ತೇವೆ. ವಾಟ್ಸಾಪಿನಲ್ಲಿ ಓದಿದ್ದನ್ನು ಕಣ್ಣಾರೆ ಕಂಡವರಂತೆ ಹೇಳುತ್ತೇವೆ. 'ಅಂತೆ' ಹಾಕಿ ಹೇಳಿದ ಮಾತು ತಪ್ಪಾದರೆ 'ಹೌದಾ, ಹಾಗಿದ್ರೆ ನನಗೆ ಹೇಳಿದವರು ತಪ್ಪು ಹೇಳಿದ್ರು' ಎಂದು ಮಾನವಾಗಿ ಹಿಂದೆ ಬರಬಹುದು. ಹಾಕದೆ ಹೇಳಿದರೆ ಆ ಬಾಗಿಲಿಲ್ಲ. ಎದುರಿನವರು 'ಅಂತೆ' ಹಾಕದೆ ಹೇಳಿದಾಗ 'ನೀವೇ ನೋಡಿದ್ರಾ, ಯಾರಾದ್ರೂ ಹೇಳಿದ್ರಾ?' ಎಂದು ಕೇಳಬಹುದು. ಅದನ್ನು ಕೊಂಕಿಲ್ಲದೆ ಕೇಳಲು ಬರಬೇಕು. ಬಾರದಿದ್ದರೆ ಕೇಳದಿರುವುದೇ ವಾಸಿ.

ಮಾತಿನ ಶುರುವಿಗೆ 'ಅಲ್ಲ...' ಎನ್ನುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಒಪ್ಪುವಾಗಲೂ 'ಅಲ್ಲ, ಅದು ನಿಜವೇ' ಎನ್ನುತ್ತೇವೆ. ಶಾಂತವಾಗಿದ್ದಾಗ ಅದು ಬರೀ ಉಸಿರು. ಕಾವಿನಲ್ಲಿ ಪೂರ್ತಿ ನಿರಾಕರಣೆ. ಅದರ ಬದಲು ಎದುರಿನವರ ಮಾತಿನ ಒಂದು ತುಂಡನ್ನು ಎತ್ತಿಕೊಂಡು ಶುರುಮಾಡಿ: 'ರೇಟು ಏರಿದ್ದು ನಿಜ'. ಆಮೇಲೆ ಒಂದು ಪೂರ್ಣವಿರಾಮ. 'ನಿಜ, ಆದ್ರೆ' ಎಂದು ಒಂದೇ ಉಸಿರಿಗೆ ಅಂದರೆ ಆ 'ನಿಜ' ಯಾರಿಗೂ ಕೇಳಿಸುವುದಿಲ್ಲ.

ಯಾರೆದುರು, ಎಷ್ಟು ಹೊತ್ತು

ಇಬ್ಬರೇ ಇದ್ದಾಗ ಒಬ್ಬರು ಮಣಿಯಬಹುದು. ಮೂರನೆಯವರು ಕೇಳಿಸಿಕೊಳ್ಳುತ್ತಿದ್ದರೆ ಮಣಿಯುವುದು ಕಷ್ಟ. ಮೇಜಿನ ಸುತ್ತ ಐದಾರು ಜನರಿದ್ದರೆ ಯಾರೂ ಮಣಿಯುವುದಿಲ್ಲ, ಏಕೆಂದರೆ ಅಲ್ಲಿ ಮಾತು ನಡೆಯುತ್ತಿರುವುದು ಎದುರಿನವರಿಗಲ್ಲ, ಪ್ರೇಕ್ಷಕರಿಗೆ. ಹಾಗಾಗಿ ನಿಜಕ್ಕೂ ಮುಖ್ಯವಾದ ಭಿನ್ನಾಭಿಪ್ರಾಯವನ್ನು ಮದುವೆ ಮನೆಯ ಪಂಕ್ತಿಯಿಂದ ಎಬ್ಬಿಸಿ ಸಂಜೆಯ ವಾಕಿಂಗಿಗೆ ಕರೆದುಕೊಂಡು ಹೋಗಿ. ಪಕ್ಕ ಪಕ್ಕ ನಡೆಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಏರುದನಿಗೆ ಉಸಿರೂ ಸಾಲುವುದಿಲ್ಲ.

ಹೊತ್ತಿನ ಮಟ್ಟಿಗೆ ಬೈಟು ಕಾಫಿ ಒಳ್ಳೆಯ ಅಳತೆ. ಕಾಲು ಗಂಟೆ ಮೀರಿದರೆ ಹೊಸ ಮಾತು ಹುಟ್ಟುವುದಿಲ್ಲ, ಹಳೆಯ ಮಾತೇ ದನಿ ಏರಿಸಿಕೊಂಡು ಮರಳುತ್ತದೆ. ಹಸಿದ ಹೊಟ್ಟೆ, ರಾತ್ರಿ ಹತ್ತರ ನಂತರದ ಹೊತ್ತು, ಗ್ಲಾಸು ಕೈಯಲ್ಲಿರುವ ಹೊತ್ತು, ಫಲಿತಾಂಶ ಬಂದ ದಿನ, ಈ ನಾಲ್ಕೂ ಬೇಡ. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರಕ್ಕೆ ಕಾನೂನೇ ತಡೆ ಹಾಕಿದೆ. ಮನೆಯೊಳಗೆ ನೀವೂ ಅದನ್ನು ಪಾಲಿಸಿದರೆ ನಷ್ಟವೇನಿಲ್ಲ. ಮತ್ತೆ, 'ಯಾರಿಗೆ ಹಾಕಿದ್ರಿ?' ಎಂದು ಕೇಳಬೇಡಿ. ಮತ ಗುಟ್ಟಿನದು, ಹೆಂಡತಿಯದ್ದೂ ಗುಟ್ಟಿನದೇ.

ಕಾವು ಏರಿದಾಗ

ಸೂಚನೆಗಳು ಮೊದಲೇ ಸಿಗುತ್ತವೆ. ವಾಕ್ಯ ಮುಗಿಯುವ ಮೊದಲೇ ಇನ್ನೊಬ್ಬರ ವಾಕ್ಯ ಶುರುವಾಗುತ್ತದೆ. 'ಯಾವಾಗಲೂ', 'ಒಬ್ಬರೂ', 'ಎಲ್ಲಾ ಕಳ್ಳರು' ಎಂಬಂಥ ಪದ ಹೆಚ್ಚುತ್ತವೆ. ನಿಮ್ಮ ತಲೆಯಲ್ಲಿ ಅವರ ಮಾತು ಕೇಳಿಸುವ ಬದಲು ನೀವು ಮುಂದೆ ಹೇಳಬೇಕಾದ್ದು ಓಡುತ್ತಿರುತ್ತದೆ. ಇದರಲ್ಲಿ ಎರಡು ಕಂಡರೆ ನಿಲ್ಲಿಸುವ ಹೊತ್ತು.

ನಿಲ್ಲಿಸುವುದಕ್ಕೆ ಒಂದು ಸಾಲು ಮೊದಲೇ ಬಾಯಲ್ಲಿರಲಿ, ಸಿಟ್ಟಿನಲ್ಲಿ ಹೊಸದು ಹೊಳೆಯುವುದಿಲ್ಲ. 'ಇದರಲ್ಲಿ ನಮ್ಮಿಬ್ಬರಿಗೆ ಹೊಂದಲ್ಲ ಅಣ್ಣ, ಇರ್ಲಿ. ಮಗಳ ರಿಸಲ್ಟು ಏನಾಯ್ತು?' ಎಂಬಂತೆ. ಮೊದಲರ್ಧ ಭಿನ್ನಾಭಿಪ್ರಾಯವನ್ನು ಒಪ್ಪಿಕೊಳ್ಳುತ್ತದೆ, ಎರಡನೆಯರ್ಧ ಅವರ ಮನೆಗೆ ಹೋಗುತ್ತದೆ. 'ಆಯ್ತು ಬಿಡಿ, ನೀವೇ ಗೆದ್ರಿ' ಎನ್ನಬೇಡಿ, ಅದು ಇನ್ನೊಂದು ಸುತ್ತಿಗೆ ಕರೆ. ಹೊರಟುಹೋಗುವಾಗ ಕೊನೆಯ ಬಾಣ ಬಿಟ್ಟು ಹೋಗುವುದೂ ಹಾಗೆಯೇ.

ಎಲ್ಲರೂ ಒಂದೇ ಎತ್ತರದ ಕುರ್ಚಿಯಲ್ಲಿಲ್ಲ

ಸಭ್ಯತೆಯ ಪಾಠ ಹೇಳುವವರು ಇದನ್ನು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಮಾಲೀಕ ಮತ್ತು ಕೆಲಸದವರು, ಮನೆ ಓನರು ಮತ್ತು ಬಾಡಿಗೆಯವರು, ಅತ್ತೆ ಮತ್ತು ಹೊಸ ಸೊಸೆ, ಮೀಸಲಾತಿಯ ಚರ್ಚೆಯಲ್ಲಿ ಇಡೀ ಕಚೇರಿ ಮತ್ತು ಅಲ್ಲಿರುವ ಒಬ್ಬರೇ ದಲಿತ ಸಹೋದ್ಯೋಗಿ: ಇಲ್ಲಿ 'ತಣ್ಣಗೆ ಮಾತಾಡೋಣ' ಎಂಬುದರ ಬೆಲೆ ಇಬ್ಬರಿಗೂ ಒಂದೇ ಅಲ್ಲ. ಒಬ್ಬರಿಗದು ಸಂಜೆಯ ಚರ್ಚೆ, ಇನ್ನೊಬ್ಬರಿಗೆ ತಮ್ಮ ಬದುಕು. ಮೇಲಿನ ಕುರ್ಚಿಯಲ್ಲಿ ಕೂತವರು ನೀವಾದರೆ ವಿಷಯ ಎತ್ತುವವರು ನೀವಾಗಬೇಡಿ. ಎದುರಿನವರ ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ. 'ನಿಮ್ಮವರು ಏನಂತಾರೆ?' ಎಂದು ಒಬ್ಬರನ್ನು ಇಡೀ ಜಾತಿಗೆ, ಧರ್ಮಕ್ಕೆ ವಕೀಲರನ್ನಾಗಿ ಮಾಡಬೇಡಿ. ಅವರ ದನಿಯಲ್ಲಿ ಸಿಟ್ಟಿದ್ದರೆ ಮೊದಲು ವಿಷಯಕ್ಕೆ ಉತ್ತರ ಕೊಡಿ, ದನಿಯ ಮಾತು ಆಮೇಲೆ.

ಗೌರವದ ಹೆಸರಲ್ಲಿ ನುಂಗಿಕೊಳ್ಳಬಾರದ ಮಾತುಗಳೂ ಇವೆ. ಒಂದು ಜಾತಿಯನ್ನೋ ಧರ್ಮವನ್ನೋ ಹೀನಾಯವಾಗಿ ಬೈದರೆ ಅದು ಭಿನ್ನಾಭಿಪ್ರಾಯವಲ್ಲ. ಅಲ್ಲಿ ವಾದಕ್ಕಿಳಿಯದೆ ಒಂದೇ ಸಾಲು ಸಾಕು: 'ದೊಡ್ಡಪ್ಪ, ನೀತಿ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡೋಣ, ಆ ಜನರ ಬಗ್ಗೆ ಹಾಗನ್ನೋದು ಬೇಡ.' ದನಿ ಏರಿಸದೆ, ನಗದೆ ಹೇಳಬೇಕು. ನಕ್ಕರೆ ತಮಾಷೆಯಾಗಿ ತೇಲಿಹೋಗುತ್ತದೆ.

ಹಿರಿಯರೊಡನೆ ವಾದಿಸುವ ಕಿರಿಯರಿಗೆ ಒಂದು ಉಪಾಯ: ಅವರ ಅನುಭವವನ್ನು ಕೇಳಿ. 'ತುರ್ತು ಪರಿಸ್ಥಿತಿ ಟೈಮಲ್ಲಿ ಊರಲ್ಲಿ ಹೇಗಿತ್ತು ಅಜ್ಜ?' ಎಂದು ಕೇಳಿದರೆ ಘೋಷಣೆಗಳು ಹಿಂದೆ ಸರಿದು ನಿಜವಾದ ಸಂಗತಿಗಳು ಬರುತ್ತವೆ.

ಫ್ಯಾಮಿಲಿ ಗ್ರೂಪು

ವಾಟ್ಸಾಪಿನಲ್ಲಿ ದನಿಯಿಲ್ಲ, ಮುಖವಿಲ್ಲ, ಎಲ್ಲರೂ ಪ್ರೇಕ್ಷಕರು. ಮೇಲೆ ಹೇಳಿದ ಎಲ್ಲ ತೊಂದರೆಗಳೂ ಒಂದೇ ಕಡೆ. ಆದ್ದರಿಂದ ಅಲ್ಲಿ ವಾದ ಗೆಲ್ಲುವ ಆಸೆಯನ್ನೇ ಬಿಡಿ.

ಬಂದ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದ ಫಾರ್ವರ್ಡು, ನಿಮ್ಮ ಭಾವ ಬರೆದದ್ದಲ್ಲ. ಬೈಗುಳ ಭಾವನಿಗೆ ಸಲ್ಲಬೇಕಾಗಿಲ್ಲ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸುವಂತೆ ವಾಟ್ಸಾಪು ಮಿತಿ ಹಾಕಿರುವುದೂ ಆ ಕಾರಣಕ್ಕೇ. ಸುಳ್ಳು ಎಂದು ಖಚಿತವಿದ್ದರೆ ಮೊದಲು ಭಾವನಿಗೆ ಖಾಸಗಿಯಾಗಿ ಬರೆಯಿರಿ: 'ಭಾವ, ಆ ವಿಡಿಯೋ ಹಳೇದು, ಬೇರೆ ರಾಜ್ಯದ್ದು. ನೀವೇ ತೆಗೆದುಬಿಟ್ರೆ ಒಳ್ಳೇದು.' ಎಲ್ಲರಿಗೂ ಅಳಿಸುವ ಅವಕಾಶ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ, ತಡಮಾಡಬೇಡಿ. ತೆಗೆಯದಿದ್ದರೆ ಗ್ರೂಪಿನಲ್ಲಿ ಒಂದೇ ಒಂದು ಸಂದೇಶ: ಯಾವುದು ತಪ್ಪು, ಸರಿಯಾದದ್ದು ಎಲ್ಲಿದೆ, ಅಷ್ಟೇ. ಕಳಿಸಿದವರ ಹೆಸರಿಲ್ಲ, ನಗುವ ಇಮೋಜಿ ಇಲ್ಲ, ಎರಡನೆಯ ಉತ್ತರ ಇಲ್ಲ. ಸಿಟ್ಟಿನಲ್ಲಿ ನೀವೇ ಏನಾದರೂ ಬರೆದಿದ್ದರೆ ತಿದ್ದಲು 15 ನಿಮಿಷ ಸಿಗುತ್ತದೆ.

ಅಡ್ಮಿನ್ ಆದವರು ರಾಜಕೀಯ ನಿಷೇಧಿಸುವ ಬದಲು ಫಾರ್ವರ್ಡ್ ನಿಷೇಧಿಸಲಿ. ಸ್ವಂತ ಬೆರಳಿನಿಂದ ಎರಡು ಸಾಲು ಬರೆಯಬೇಕಾದರೆ ಮುಕ್ಕಾಲು ಪಾಲು ಜಗಳ ತಾನೇ ಉದುರುತ್ತದೆ. ನಿಯಮ ಹಾಕಿದ ಮೇಲೆ ತನ್ನ ಪಕ್ಷದ ಫಾರ್ವರ್ಡನ್ನೇ ಮೊದಲು ಅಳಿಸಿ ತೋರಿಸಬೇಕು. ಇಲ್ಲದಿದ್ದರೆ ವಾರದೊಳಗೆ ಇನ್ನೊಂದು ಗ್ರೂಪು ಹುಟ್ಟುತ್ತದೆ.

ಗ್ರಾಮಸಭೆ, ಅಪಾರ್ಟ್‌ಮೆಂಟಿನ ಮಹಾಸಭೆಗಳಿಗೆ ವಿಧಾನಸಭೆಯಿಂದಲೇ ಒಂದು ಪದ್ಧತಿ ಎರವಲು ತರಬಹುದು. ಅಲ್ಲಿ ಸದಸ್ಯರು ಒಬ್ಬರನ್ನೊಬ್ಬರು ಉದ್ದೇಶಿಸಿ ಮಾತಾಡುವಂತಿಲ್ಲ, ಎಲ್ಲ ಮಾತೂ ಸಭಾಧ್ಯಕ್ಷರಿಗೆ. 'ಅಧ್ಯಕ್ಷರೇ, ಇವರು ಹೇಳಿದ ಲೆಕ್ಕದಲ್ಲಿ ಒಂದು ಸಂದೇಹ' ಎನ್ನುವುದಕ್ಕೂ 'ಏನ್ರೀ ನಿಮ್ಮ ಲೆಕ್ಕ' ಎನ್ನುವುದಕ್ಕೂ ನಡುವೆ ಒಂದು ಮೇಜಿನಷ್ಟು ದೂರವಿದೆ. ವಿಧಾನಸಭೆಯಲ್ಲಿ ಇದು ಎಷ್ಟು ನಡೆಯುತ್ತದೆ ಎಂದು ಕೇಳಬೇಡಿ.

ಮಾರನೆಯ ದಿನ

ಎಲ್ಲ ಎಚ್ಚರದ ನಡುವೆಯೂ ಕೆಲವು ಸಲ ಮಾತು ಕೆಡುತ್ತದೆ. ಸರಿಪಡಿಸಲು ಒಂದು ದಿನ ಸಾಕು, ಒಂದು ವಾರ ಬಿಟ್ಟರೆ ಗಂಟಾಗುತ್ತದೆ. ಕ್ಷಮೆ ಕೇಳುವಾಗ ಅಭಿಪ್ರಾಯಕ್ಕೆ ಕೇಳಬೇಡಿ, ಆಡಿದ ರೀತಿಗೆ ಕೇಳಿ: 'ನಿನ್ನೆ ಏಕವಚನದಲ್ಲಿ ಅಂದುಬಿಟ್ಟೆ, ತಪ್ಪಾಯ್ತು.' ಆ ವಾಕ್ಯ ಅಲ್ಲಿಗೆ ಮುಗಿಯಲಿ, 'ಆದ್ರೆ ನೀವೂ...' ಎಂದು ಬಾಲ ಸೇರಿಸಬೇಡಿ. ಅಂಕಿ ತಪ್ಪು ಹೇಳಿದ್ದು ಆಮೇಲೆ ಗೊತ್ತಾದರೆ ಯಾರೆದುರು ಹೇಳಿದ್ದಿರೋ ಅವರೆದುರೇ ತಿದ್ದಿ. ಕ್ಷಮೆ ಕೇಳುವಷ್ಟು ಸಲಿಗೆ ಇಲ್ಲದ ಕಡೆ, ಹಿಂದಿನ ದಿನ ಕೂತಿದ್ದ ಅದೇ ಮೇಜಿಗೆ ಅದೇ ಹೊತ್ತಿಗೆ ಹೋಗಿ ಬೈಟು ಹೇಳಿ, ಅರ್ಧ ಲೋಟವನ್ನು ಅವರ ಕಡೆ ಸರಿಸಿ. ಮೊದಲ ಮಾತು ಮಳೆಯದ್ದೋ ಅಡಿಕೆ ರೇಟಿನದ್ದೋ ಇರಲಿ.